‘ಡಿಕಂಪ್ರೆಷನ್ ಫೇಲ್ಡ್’ ಅಂದರೆ ಸಾಕಾ? ಎಕ್ಸ್‌ಟೆನ್ಷನ್‌ನ ಎರರ್ ಮೆಸೇಜ್ ಸರಿಪಡಿಸುವ ಬಗ್ಗೆ

ಪ್ರಶ್ನೆ: ನಾನು ಬೆಂಗಳೂರಿನ ಜಯನಗರದಲ್ಲಿರುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಕನ್ನಡ ಪತ್ರಿಕೆಗಳ ಹಳೇ ಲೇಖನಗಳನ್ನು ಟೈಪ್ ಮಾಡಿಸಿ, ಝಡ್‌ಸ್ಟ್ಯಾಂಡರ್ಡ್ ಅನ್ನುವ ಲೈಬ್ರರಿಯಿಂದ ಕಂಪ್ರೆಸ್ ಮಾಡಿ (ಗಾತ್ರ ಕುಗ್ಗಿಸಿ), ಡೇಟಾಬೇಸ್‌ನಲ್ಲಿ ಇಡುತ್ತೇವೆ. ಇದಕ್ಕೆ ನಾವೇ ಸಿ ಭಾಷೆಯಲ್ಲಿ ಬರೆದುಕೊಂಡ ಒಂದು ಪಿಎಚ್‌ಪಿ ಎಕ್ಸ್‌ಟೆನ್ಷನ್ (ಪಿಎಚ್‌ಪಿ ಭಾಷೆಗೆ ಹೊಸ ಫಂಕ್ಷನ್ ಸೇರಿಸುವ ಭಾಗ) ಇದೆ. ಏನೇ ತೊಂದರೆ ಆದರೂ ಅದು ‘ಡಿಕಂಪ್ರೆಷನ್ ಫೇಲ್ಡ್’ (ಬಿಚ್ಚಲು ಆಗಲಿಲ್ಲ) ಅಂತ ಒಂದೇ ಮಾತು ಹೇಳಿ ಫಾಲ್ಸ್, ಅಂದರೆ ‘ಇಲ್ಲ’ ಅನ್ನುವ ಬೆಲೆ, ವಾಪಸ್ ಕೊಡುತ್ತದೆ. ರಾತ್ರಿ ಆನ್‌ಕಾಲ್‌ನಲ್ಲಿ (ತೊಂದರೆ ಆದಾಗ ಎದ್ದು ನೋಡುವ ಪಾಳಿಯಲ್ಲಿ) ಇರುವವರಿಗೆ ಎಲ್ಲಿಂದ ಹುಡುಕಬೇಕು ಅಂತಲೇ ಗೊತ್ತಾಗುವುದಿಲ್ಲ. ಇದನ್ನು ಸರಿಮಾಡುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ? ಎಕ್ಸೆಪ್ಷನ್ (ಹಿಡಿಯದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲುವ ಎರರ್) ಥ್ರೋ ಮಾಡಬೇಕಾ, ವಾರ್ನಿಂಗ್ ಸಾಕಾ? ವಿವರ ಜಾಸ್ತಿ ಕೊಟ್ಟರೆ ಸೆಕ್ಯುರಿಟಿಗೆ ಅಪಾಯವಾ? ಮೆಸೇಜ್ ಕನ್ನಡದಲ್ಲಿ ಇದ್ದರೆ ಒಳ್ಳೆಯದಾ?

ಉತ್ತರ: ನೀವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. ಏನು ತಪ್ಪಾಯಿತು ಅನ್ನುವುದು ಒಳಗಿನ ಲೈಬ್ರರಿಗೆ ಬಹುಪಾಲು ಗೊತ್ತಿರುತ್ತದೆ, ಅದು ಬಾಯಿಬಿಟ್ಟು ಹೇಳಿಯೂ ಹೇಳುತ್ತದೆ. ನಡುವೆ ಕೂತಿರುವ ಎಕ್ಸ್‌ಟೆನ್ಷನ್ ಆ ಮಾತನ್ನು ಕೇಳಿಸಿಕೊಂಡು ಅಲ್ಲೇ ಬಿಟ್ಟುಬಿಡುತ್ತದೆ. ನಿಮ್ಮ ಕೆಲಸದ ಮುಕ್ಕಾಲು ಭಾಗ ಅಂದರೆ, ಹೀಗೆ ದಾರಿಯಲ್ಲಿ ಕಳೆದುಹೋಗುವ ಮಾಹಿತಿಯನ್ನು ಮೇಲಿನವರೆಗೂ ತಲುಪಿಸುವುದು.

ಇದು ನಿಮ್ಮ ಒಬ್ಬರದೇ ಸಮಸ್ಯೆ ಅಲ್ಲ. ಪಿಎಚ್‌ಪಿ ಜೊತೆಗೇ ಬರುವ ಝಡ್‌ಲಿಬ್ ಎಕ್ಸ್‌ಟೆನ್ಷನ್ ನೋಡಿ. ಝಡ್‌ಲಿಬ್ ಅನ್ನುವ ಕಂಪ್ರೆಷನ್ ಲೈಬ್ರರಿ 1995ರಿಂದ ಇದೆ. ಹಾಳಾದ ಡೇಟಾ ಸಿಕ್ಕರೆ ಅದು -3 ಅನ್ನುವ ಕೋಡ್ ಕೊಡುತ್ತದೆ. ಜೊತೆಗೆ ‘ಹೆಡರ್ ಸರಿಯಿಲ್ಲ’, ‘ಬ್ಲಾಕ್‌ನ ಬಗೆ ತಪ್ಪು’, ‘ಕೊನೆಯ ಚೆಕ್‌ಸಮ್ ತಾಳೆಯಾಗಲಿಲ್ಲ’ ಅಂತ ಕಾರಣವನ್ನೂ ತನ್ನ ಸ್ಟ್ರಕ್ಚರ್‌ನ ಒಂದು ಫೀಲ್ಡ್‌ನಲ್ಲಿ ಬರೆದಿಡುತ್ತದೆ. ಆದರೆ ಪಿಎಚ್‌ಪಿಯ ಜಿಝಡ್‌ಅನ್‌ಕಂಪ್ರೆಸ್ ಫಂಕ್ಷನ್ ಕರೆದವರ ಕಣ್ಣಿಗೆ ಬೀಳುವುದು ‘ಡೇಟಾ ಎರರ್’ ಅನ್ನುವ ಎರಡೇ ಪದ. ಹೆಡರ್ (ಡೇಟಾದ ಮೊದಲಲ್ಲಿ ಅದರ ಬಗೆ ಹೇಳುವ ಬೈಟ್‌ಗಳು) ತಪ್ಪು ಅಂದರೆ ನೀವು ಕೊಟ್ಟದ್ದು ಆ ಬಗೆಯ ಡೇಟಾನೇ ಅಲ್ಲ. ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ನೋಡಲು ಅದರಿಂದಲೇ ಲೆಕ್ಕ ಹಾಕಿ ಇಟ್ಟ ಸಂಖ್ಯೆ) ತಪ್ಪು ಅಂದರೆ ಡೇಟಾ ಸರಿಯಾಗೇ ಇತ್ತು, ದಾರಿಯಲ್ಲೆಲ್ಲೋ ಕೆಟ್ಟಿದೆ. ಹುಡುಕಬೇಕಾದ ಜಾಗಗಳೇ ಬೇರೆ ಬೇರೆ, ಅಲ್ವಾ? ಆ ವ್ಯತ್ಯಾಸ ಮೇಲೆ ಬರುವಷ್ಟರಲ್ಲಿ ಮಾಯ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಜಿಝಡ್‌ಇನ್‌ಫ್ಲೇಟ್ ಅನ್ನುವ ಫಂಕ್ಷನ್‌ಗೆ ಗರಿಷ್ಠ ಉದ್ದ ಇಷ್ಟು ಅಂತ ಹೇಳಬಹುದು. ಬಿಚ್ಚಿದ ಡೇಟಾ ಅದನ್ನು ಮೀರಿದರೆ ಬರುವ ವಾರ್ನಿಂಗ್ ‘ಇನ್‌ಸಫಿಷಿಯೆಂಟ್ ಮೆಮೊರಿ’. ಮೆಮೊರಿ ಬೇಕಾದಷ್ಟು ಇರುತ್ತದೆ. ಮಿತಿ ಹಾಕಿದ್ದು ಕರೆದವರೇ. ಆದರೆ ಮೆಸೇಜ್ ಓದಿದವರು ಸರ್ವರ್‌ಗೆ ರ‍್ಯಾಮ್ ಜಾಸ್ತಿ ಮಾಡಲು ಹೊರಡುತ್ತಾರೆ. ಏನೂ ಹೇಳದ ಮೆಸೇಜ್ ಸಮಯ ತಿನ್ನುತ್ತದೆ. ತಪ್ಪು ಹೇಳುವ ಮೆಸೇಜ್ ಸಮಯದ ಜೊತೆಗೆ ದುಡ್ಡನ್ನೂ ತಿನ್ನುತ್ತದೆ. ನಿಮ್ಮ ಎಕ್ಸ್‌ಟೆನ್ಷನ್‌ನಲ್ಲಿ ಊಹೆ ಮಾಡಿ ಕಾರಣ ಬರೆದಿರುವ ಜಾಗ ಏನಾದರೂ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಈಗ ನಿಮ್ಮ ಝಡ್‌ಸ್ಟ್ಯಾಂಡರ್ಡ್‌ಗೆ ಬರೋಣ. ಇದರ ಫಂಕ್ಷನ್‌ಗಳು ಗೆದ್ದರೆ ಬೈಟ್‌ಗಳ ಉದ್ದ ಕೊಡುತ್ತವೆ. ಸೋತರೆ ಅದೇ ಜಾಗದಲ್ಲಿ ಒಂದು ಭಾರಿ ದೊಡ್ಡ ಸಂಖ್ಯೆ ಬರುತ್ತದೆ. ಎರರ್ ಕೋಡ್ ಆ ಸಂಖ್ಯೆಯೊಳಗೆ ಅಡಗಿರುತ್ತದೆ. ‘ಇದು ಎರರ್ರಾ’ ಅಂತ ಕೇಳಲು ಒಂದು ಫಂಕ್ಷನ್, ಕೋಡ್ ತೆಗೆಯಲು ಒಂದು, ಇಂಗ್ಲಿಷ್ ವಿವರಣೆ ತೆಗೆಯಲು ಇನ್ನೊಂದು ಇದೆ. ನಿಮ್ಮ ಕೋಡ್ ಬಹುಶಃ ಮೊದಲನೆಯದನ್ನು ಮಾತ್ರ ಕೇಳಿ ಸುಮ್ನಾಗುತ್ತಿದೆ. ಉಳಿದ ಎರಡನ್ನೂ ಕೇಳಿ. 10 ಬಂದರೆ ಇದು ಝಡ್‌ಸ್ಟ್ಯಾಂಡರ್ಡ್ ಡೇಟಾನೇ ಅಲ್ಲ. 20 ಅಂದರೆ ಒಳಗಿನ ಡೇಟಾ ಕೆಟ್ಟಿದೆ. 22 ಚೆಕ್‌ಸಮ್ ತಪ್ಪಿದ್ದಕ್ಕೆ, 32 ಬೇರೆ ಡಿಕ್ಷನರಿ (ಸಣ್ಣ ಡೇಟಾ ಚೆನ್ನಾಗಿ ಕುಗ್ಗಲು ಮೊದಲೇ ತಯಾರಿಸಿಟ್ಟ ಮಾದರಿ) ಕೊಟ್ಟಿದ್ದಕ್ಕೆ. 70 ಬಂದರೆ ಬಿಚ್ಚಿಡಲು ಕೊಟ್ಟ ಜಾಗ ಸಾಲಲಿಲ್ಲ ಅಂತ, 72 ಬಂದರೆ ಒಳಗೆ ಬಂದ ಡೇಟಾದ ಉದ್ದ ಸರಿಯಿಲ್ಲ ಅಂತ. ಈ ಸಂಖ್ಯೆಗಳು 1.3.1ನೇ ಆವೃತ್ತಿಯಿಂದ ಬದಲಾಗಿಲ್ಲ, 100ಕ್ಕಿಂತ ಕೆಳಗಿನವನ್ನು ಸ್ಥಿರವಾಗಿ ಇಡುತ್ತೇವೆ ಅಂತ ಲೈಬ್ರರಿಯವರೇ ತಮ್ಮ ಸಿ ಹೆಡರ್ ಫೈಲ್‌ನಲ್ಲಿ ಬರೆದಿದ್ದಾರೆ. ವಿವರಣೆಯ ಪದಗಳಿಗೆ ಆ ಭರವಸೆ ಇಲ್ಲ. ಹಾಗಾಗಿ ಕೋಡನ್ನು ಪ್ರೋಗ್ರಾಂಗೆ ಕೊಡಿ, ವಾಕ್ಯವನ್ನು ಮನುಷ್ಯರಿಗೆ ಕೊಡಿ. ಎರಡನ್ನೂ ಕೊಡಿ.

ಇಷ್ಟು ಮಾಡಿದರೇ ಅರ್ಧ ಗೆದ್ದಂತೆ. ಆದರೆ ನನ್ನ ಅನುಭವದಲ್ಲಿ ಆನ್‌ಕಾಲ್‌ನವರಿಗೆ ನಿಜವಾಗಿ ದಾರಿ ತೋರಿಸುವುದು ಲೈಬ್ರರಿಯ ಮಾತಲ್ಲ. ಎಕ್ಸ್‌ಟೆನ್ಷನ್‌ನ ಕೈಯಲ್ಲೇ ಇರುವ ಎರಡು ಸಣ್ಣ ವಿಷಯಗಳು: ಬಂದ ಡೇಟಾದ ಮೊದಲ ಎಂಟು ಬೈಟ್ ಮತ್ತು ಅದರ ಒಟ್ಟು ಉದ್ದ.

ಮೊದಲ ಬೈಟ್‌ಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಕೆಲಸಕ್ಕೆ ಇದು ನೇರವಾಗಿ ಬೇಕು. ಸರಿಯಾದ ಝಡ್‌ಸ್ಟ್ಯಾಂಡರ್ಡ್ ಡೇಟಾ ಹೆಕ್ಸ್‌ನಲ್ಲಿ (ಪ್ರತಿ ಬೈಟನ್ನು 0ಯಿಂದ 9, ಎಯಿಂದ ಎಫ್‌ವರೆಗಿನ ಎರಡು ಗುರುತುಗಳಲ್ಲಿ ಬರೆಯುವ ಕ್ರಮದಲ್ಲಿ) ‘28 ಬಿ5 2ಎಫ್ ಎಫ್‌ಡಿ’ ಅಂತ ಶುರುವಾಗುತ್ತದೆ. ಈಗ ‘ಇದು ಝಡ್‌ಸ್ಟ್ಯಾಂಡರ್ಡ್ ಅಲ್ಲ’ ಅನ್ನುವ ಎರರ್ ಬಂತು ಅಂದುಕೊಳ್ಳಿ. ಲಾಗ್‌ನಲ್ಲಿ ಮೊದಲ ಬೈಟ್‌ಗಳು ‘28 ಸಿ2 ಬಿ5 2ಎಫ್ ಸಿ3 ಬಿಡಿ’ ಅಂತ ಇವೆ. ಗೊತ್ತಿರುವವರು ನೋಡಿದ ತಕ್ಷಣ ಹೇಳುತ್ತಾರೆ: ಡೇಟಾ ಕೆಟ್ಟಿಲ್ಲ, ಯಾರೋ ಅದನ್ನು ಲ್ಯಾಟಿನ್-1 ಪಠ್ಯ ಅಂದುಕೊಂಡು ಯುಟಿಎಫ್-8ಗೆ ಬದಲಾಯಿಸಿದ್ದಾರೆ (ಎರಡೂ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿಗಳು). ಬಿ5 ಅನ್ನುವ ಒಂದು ಬೈಟ್ ‘ಸಿ2 ಬಿ5’ ಆಗಿದೆ, ಎಫ್‌ಡಿ ಹೋಗಿ ‘ಸಿ3 ಬಿಡಿ’ ಆಗಿದೆ. ಪಿಎಚ್‌ಪಿಯ ಹಳೇ ಯುಟಿಎಫ್8-ಎನ್‌ಕೋಡ್ ಫಂಕ್ಷನ್ ಮಾಡುವುದು ಇದನ್ನೇ. ಪಿಎಚ್‌ಪಿ 8.2ರಿಂದ ಅದನ್ನು ಬಳಸಬೇಡಿ ಅಂತ ಹೇಳಿದ್ದಾರೆ. ಆದರೂ ಹಳೇ ಕೋಡ್‌ಗಳಲ್ಲಿ ಇನ್ನೂ ಇದೆ. ಈ ಕೇಸ್‌ನಲ್ಲಿ ಡೇಟಾ ವಾಪಸ್ ಪಡೆಯಬಹುದು, ಉಲ್ಟಾ ಬದಲಾಯಿಸಿದರೆ ಆಯಿತು. ಅದೇ ‘28 ಇಎಫ್ ಬಿಎಫ್ ಬಿಡಿ 2ಎಫ್’ ಅಂತ ಕಂಡರೆ ಸುದ್ದಿ ಚೆನ್ನಾಗಿಲ್ಲ. ಗೊತ್ತಾಗದ ಬೈಟ್‌ನ ಜಾಗಕ್ಕೆ ಪ್ರಶ್ನೆಗುರುತಿನ ಡಬ್ಬಿ ಕೂರಿಸಲಾಗಿದೆ, ಮೂಲ ಬೈಟ್ ಹೋಯಿತು. ಬ್ಯಾಕಪ್ ಹುಡುಕುವುದೇ ದಾರಿ. ಎರಡಕ್ಕೂ ನಿಮ್ಮ ಈಗಿನ ಮೆಸೇಜ್ ‘ಡಿಕಂಪ್ರೆಷನ್ ಫೇಲ್ಡ್’. ಒಂದರಲ್ಲಿ ಹತ್ತು ನಿಮಿಷದ ಕೆಲಸ, ಇನ್ನೊಂದರಲ್ಲಿ ಬ್ಯಾಕಪ್‌ನ ರಾದ್ಧಾಂತ. ರಾತ್ರಿ ಎರಡು ಗಂಟೆಗೆ ಎದ್ದವರಿಗೆ ಇದು ಎಷ್ಟು ದೊಡ್ಡ ವ್ಯತ್ಯಾಸ ಅಂತ ನಿಮಗೇ ಗೊತ್ತು.

ಕನ್ನಡ ಲೇಖನ ಇಡುವವರಿಗೆ ಇನ್ನೂ ಒಂದು ಸುಳಿವು ಇದೆ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಕಾಗುಣಿತದ ಪ್ರತಿ ಗುರುತಿಗೂ ಮೂರು ಬೈಟ್. ‘ಅ’ದಿಂದ ‘ಹ’ವರೆಗಿನ ಅಕ್ಷರಗಳೆಲ್ಲ ‘ಇ0 ಬಿ2’ ಅಂತ ಶುರುವಾಗುತ್ತವೆ. ‘ಕ’ ಅಂದರೆ ‘ಇ0 ಬಿ2 95’. ಹಾಗಾಗಿ ಬಿಚ್ಚಲು ಬಂದ ಡೇಟಾ ‘ಇ0 ಬಿ2’ ಅಂತ ಶುರುವಾದರೆ ಅದು ಕಂಪ್ರೆಸ್ ಆಗದ ಕನ್ನಡ ಪಠ್ಯ. ಬಹುಶಃ ನೀವು ಕಂಪ್ರೆಷನ್ ಶುರು ಮಾಡುವ ಮೊದಲು ಸೇರಿಸಿದ ದಾಖಲೆ, ಅಥವಾ ಕಂಪ್ರೆಸ್ ಮಾಡುವ ಹೆಜ್ಜೆ ತಪ್ಪಿಸಿಕೊಂಡ ದಾಖಲೆ. ‘1ಎಫ್ 8ಬಿ’ ಇದ್ದರೆ ಜಿ-ಜಿಪ್, ಅಂದರೆ ಬೇರೊಂದು ಕಂಪ್ರೆಷನ್ ಬಗೆ. ಕೋನದ ಬ್ರಾಕೆಟ್ಟಿನ ಬೈಟ್ ‘3ಸಿ’ ಇದ್ದರೆ ಯಾವುದೋ ಸರ್ವರ್ ಡೇಟಾ ಬದಲು ಎಚ್‌ಟಿಎಂಎಲ್ ಎರರ್ ಪುಟ ಕಳಿಸಿದೆ. ‘ಕೆಎಲ್‌ಯುವಿ’ ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರಗಳ ಬೈಟ್‌ಗಳು ಇದ್ದರೆ ಝಡ್‌ಸ್ಟ್ಯಾಂಡರ್ಡ್ ಡೇಟಾವನ್ನು ಬೇಸ್64 (ಬೈಟ್‌ಗಳನ್ನು ಮಾಮೂಲಿ ಅಕ್ಷರಗಳಾಗಿ ಬರೆಯುವ ಕ್ರಮ) ಮಾಡಿ ವಾಪಸ್ ಬಿಡಿಸದೆ ಕೊಟ್ಟಿದ್ದಾರೆ. ಇವನ್ನೆಲ್ಲ ಎಕ್ಸ್‌ಟೆನ್ಷನ್ ಒಳಗೇ ಗುರುತಿಸಬೇಕಾ ಅಂತ ಕೇಳಿದರೆ, ಜಿ-ಜಿಪ್ ಒಂದನ್ನು ಗುರುತಿಸಿ ಹೇಳಿ. ಉಳಿದದ್ದಕ್ಕೆ ಬೈಟ್ ತೋರಿಸಿದರೆ ಸಾಕು, ಅರ್ಥ ಬಿಡಿಸುವ ಪಟ್ಟಿಯನ್ನು ನಿಮ್ಮ ಒಳಗಿನ ಕೈಪಿಡಿಯಲ್ಲಿ ಇಡಿ. ಎಕ್ಸ್‌ಟೆನ್ಷನ್ ಪತ್ತೇದಾರಿ ಕೆಲಸಕ್ಕೆ ಇಳಿದರೆ ಮತ್ತೆ ತಪ್ಪು ಊಹೆಯ ಮೆಸೇಜ್‌ಗಳೇ ಹುಟ್ಟುತ್ತವೆ.

ಉದ್ದದ ವಿಷಯ ಚಿಕ್ಕದು, ಆದರೆ ಪ್ರಯೋಜನ ದೊಡ್ಡದು. ಮೆಸೇಜ್‌ನಲ್ಲಿ ‘ಬಂದ ಡೇಟಾ 65535 ಬೈಟ್’ ಅಂತ ಇದ್ದರೆ ಮುಂದಿನ ಪ್ರಶ್ನೆಯೇ ಬೇಡ. ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಕಚ್ಚಾ ಬೈಟ್ ಇಡುವ ಬ್ಲಾಬ್ ಕಾಲಂ ಹಿಡಿಯುವುದು ಅಷ್ಟೇ. ಸ್ಟ್ರಿಕ್ಟ್ ಮೋಡ್ (ಹಿಡಿಯದ ಡೇಟಾವನ್ನು ತಿರಸ್ಕರಿಸುವ ಸೆಟ್ಟಿಂಗ್) ಆಫ್ ಇದ್ದರೆ ಅದು ಬಾಲ ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು, ಇಟ್ಟುಕೊಳ್ಳುತ್ತದೆ. ಮೈಎಸ್‌ಕ್ಯುಎಲ್ 5.7ರಿಂದ ಸ್ಟ್ರಿಕ್ಟ್ ಮೋಡ್ ಡೀಫಾಲ್ಟ್, ಆದರೆ ಹಳೇ ಅಪ್ಲಿಕೇಶನ್‌ಗಾಗಿ ಆಫ್ ಮಾಡಿಟ್ಟಿರುವ ಸರ್ವರ್‌ಗಳು ಕಮ್ಮಿ ಇಲ್ಲ. ಕಾಲಂ ಅನ್ನು ಇನ್ನೂ ದೊಡ್ಡದಾದ ಮೀಡಿಯಂ ಬ್ಲಾಬ್ ಮಾಡಬೇಕು ಅನ್ನುವುದು ಆ ಒಂದು ಸಂಖ್ಯೆ ನೋಡಿದರೇ ಹೊಳೆಯುತ್ತದೆ. ಹಾಗೆಯೇ ಉದ್ದ 0 ಇದ್ದರೆ ಅದನ್ನೂ ಬಿಡಿಸಿ ಹೇಳಿ: ‘ಖಾಲಿ ಸ್ಟ್ರಿಂಗ್ ಬಂದಿದೆ’.

ಇನ್ನು ಎರರ್ರೇ ಬಾರದ ತಪ್ಪುಗಳಿವೆ. ಇವು ನನಗೆ ಜಾಸ್ತಿ ಭಯ ಹುಟ್ಟಿಸುತ್ತವೆ. ನೀವು ದೊಡ್ಡ ಫೈಲ್‌ಗಳಿಗೆ ಸ್ಟ್ರೀಮಿಂಗ್ (ತುಂಡು ತುಂಡಾಗಿ ಬಿಚ್ಚುವುದು) ಬಳಸುತ್ತಿದ್ದರೆ ಗಮನಿಸಿ: ಡೇಟಾ ಅರ್ಧಕ್ಕೇ ನಿಂತರೆ ಝಡ್‌ಸ್ಟ್ಯಾಂಡರ್ಡ್ ಅದನ್ನು ಎರರ್ ಅನ್ನುವುದಿಲ್ಲ. ಸ್ಟ್ರೀಮಿಂಗ್ ಫಂಕ್ಷನ್ ಫ್ರೇಮ್ (ಒಂದು ಸಲಕ್ಕೆ ಕಂಪ್ರೆಸ್ ಮಾಡಿದ ಇಡೀ ಕಟ್ಟು) ಪೂರ್ತಿ ಮುಗಿದಾಗ 0 ಕೊಡುತ್ತದೆ. ಮುಗಿಯದಿದ್ದರೆ 0ಗಿಂತ ದೊಡ್ಡ ಸಂಖ್ಯೆ ಕೊಡುತ್ತದೆ, ಅಂದರೆ ‘ಇನ್ನೂ ಕೊಡಿ’ ಅಂತ. ಕೊಡಲು ಇನ್ನೇನೂ ಉಳಿದಿಲ್ಲ ಅನ್ನುವುದು ಲೈಬ್ರರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರುವುದು ನಿಮ್ಮ ಎಕ್ಸ್‌ಟೆನ್ಷನ್‌ಗೆ ಮಾತ್ರ. ಇನ್‌ಪುಟ್ ಮುಗಿದಿದೆ, ಕೊನೆಗೆ ಬಂದ ಸಂಖ್ಯೆ 0 ಅಲ್ಲ ಅಂದರೆ ‘ಡೇಟಾ ಮಧ್ಯದಲ್ಲೇ ನಿಂತಿದೆ, ಇಷ್ಟು ಬೈಟ್ ಓದಿದೆ, ಇಷ್ಟು ಬಿಚ್ಚಿದೆ’ ಅಂತ ನೀವೇ ಹೇಳಬೇಕು. ಈ ಒಂದು ಪರೀಕ್ಷೆ ಇಲ್ಲದಿದ್ದರೆ ಅರ್ಧ ಲೇಖನ ಪೂರ್ತಿ ಲೇಖನದಂತೆ ಪುಟದ ಮೇಲೆ ಬರುತ್ತದೆ, ಯಾರಿಗೂ ಗೊತ್ತಾಗುವುದೂ ಇಲ್ಲ.

ಎರಡನೆಯದು ಚೆಕ್‌ಸಮ್. ಕಮಾಂಡ್ ಲೈನ್‌ನ ಝಡ್‌ಸ್ಟ್ಯಾಂಡರ್ಡ್ ಪ್ರೋಗ್ರಾಂ ಪ್ರತಿ ಫ್ರೇಮ್‌ನ ಕೊನೆಗೆ ನಾಲ್ಕು ಬೈಟ್‌ನ ಚೆಕ್‌ಸಮ್ ತಾನಾಗಿಯೇ ಸೇರಿಸುತ್ತದೆ. ಆದರೆ ಲೈಬ್ರರಿಯನ್ನು ನೇರವಾಗಿ ಕರೆದರೆ ಅದು ಡೀಫಾಲ್ಟ್ ಆಗಿ ಆಫ್. ಆಗ ಮಧ್ಯದಲ್ಲಿ ಒಂದು ಬೈಟ್ ಬದಲಾದರೆ ಕೆಲವು ಸಲ ಎರರ್ ಬರುತ್ತದೆ, ಕೆಲವು ಸಲ ಸುಮ್ನೆ ಒಂದು ಅಕ್ಷರ ಬದಲಾದ ಪಠ್ಯ ಬರುತ್ತದೆ. ಹಳೇ ಲೇಖನದಲ್ಲಿ ಇಸವಿಯ ಒಂದು ಅಂಕಿ ಬದಲಾದರೆ ಯಾರು ಕಂಡುಹಿಡಿಯುತ್ತಾರೆ? ನಿಮ್ಮದು ಮುಂದಿನ ಪೀಳಿಗೆಗೆ ಅಂತ ಕಾಪಾಡುತ್ತಿರುವ ಸಂಗ್ರಹ. ಲೇಖನಕ್ಕೆ ನಾಲ್ಕು ಬೈಟ್ ಖರ್ಚು ಮಾಡಿ, ಚೆಕ್‌ಸಮ್ ಆನ್ ಮಾಡಿ. ನಿಮ್ಮ ಪ್ರಶ್ನೆ ಮೆಸೇಜ್ ಬಗ್ಗೆ ಇತ್ತು, ಸರಿ. ಆದರೆ ತಪ್ಪು ಪತ್ತೆಯೇ ಆಗದ ಕಡೆ ಎಷ್ಟು ಒಳ್ಳೆಯ ಮೆಸೇಜ್ ಬರೆದಿಟ್ಟರೂ ಅದು ಯಾವತ್ತೂ ಹೊರಗೆ ಬರುವುದಿಲ್ಲ.

ಸಣ್ಣ ಲೇಖನಗಳಿಗೆ ನೀವು ಡಿಕ್ಷನರಿ ಬಳಸುತ್ತಿರಬಹುದು. ತರಬೇತಿ ಕೊಟ್ಟು ಮಾಡಿದ ಡಿಕ್ಷನರಿಗೆ ಒಂದು ಐಡಿ ಇರುತ್ತದೆ, ಅದು ಸಾಮಾನ್ಯವಾಗಿ ಫ್ರೇಮ್‌ನ ಹೆಡರ್‌ನಲ್ಲೂ ದಾಖಲಾಗುತ್ತದೆ. ಎರಡನ್ನೂ ಓದಿ ಹೇಳಿಬಿಡಿ: ‘ಈ ಫ್ರೇಮ್‌ಗೆ ಬೇಕಾದ ಡಿಕ್ಷನರಿ 1843, ಕೊಟ್ಟಿದ್ದು 2011’. ಐಡಿ ಇಲ್ಲದ ಡಿಕ್ಷನರಿ ಆದರೆ ಲೈಬ್ರರಿಗೂ ವ್ಯತ್ಯಾಸ ತಿಳಿಯದೆ ಬರೀ ‘ಡೇಟಾ ಕೆಟ್ಟಿದೆ’ ಅಂತ ಬರಬಹುದು. ಅದಕ್ಕೇ ಐಡಿ ಇಲ್ಲದ ಡಿಕ್ಷನರಿ ಬಳಸಬೇಡಿ ಅನ್ನುತ್ತೇನೆ.

ಮಿತಿಗಳ ಬಗ್ಗೆ ಒಂದು ಮಾತು. ಫ್ರೇಮ್‌ನ ಹೆಡರ್‌ನಲ್ಲಿ ಬಿಚ್ಚಿದ ಮೇಲಿನ ಗಾತ್ರ ಬರೆದಿರಬಹುದು, ಬರೆಯದೆಯೂ ಇರಬಹುದು. ಕೇಳಿದರೆ ಲೈಬ್ರರಿ ‘ಗೊತ್ತಿಲ್ಲ’ ಅನ್ನುವುದಕ್ಕೆ ಒಂದು ಬೆಲೆ, ‘ಹೆಡರ್ರೇ ತಪ್ಪು’ ಅನ್ನುವುದಕ್ಕೆ ಬೇರೆ ಬೆಲೆ ಕೊಡುತ್ತದೆ. ಇವೆರಡನ್ನು ಒಂದೇ ಎರರ್ ಮಾಡಬೇಡಿ. ಗಾತ್ರ ಗೊತ್ತಿಲ್ಲದ ಫ್ರೇಮ್ ಪೂರ್ತಿ ಸರಿಯಾದ ಫ್ರೇಮ್, ಅದನ್ನು ಸ್ಟ್ರೀಮಿಂಗ್‌ನಲ್ಲಿ ಬಿಚ್ಚಬೇಕು ಅಷ್ಟೇ. ಗಾತ್ರ ಬರೆದಿದ್ದರೆ ಅದನ್ನು ಕಣ್ಣುಮುಚ್ಚಿ ನಂಬಿ ಮೆಮೊರಿ ಕೇಳಲೂ ಬೇಡಿ. ಪಿಎಚ್‌ಪಿಯ ಡೀಫಾಲ್ಟ್ ಮೆಮೊರಿ ಮಿತಿ 128 ಎಂಬಿ. ಹೆಡರ್‌ನಲ್ಲಿ ಯಾರೋ 4 ಜಿಬಿ ಅಂತ ಬರೆದಿದ್ದರೆ ‘134217728 ಬೈಟ್‌ಗಳ ಮಿತಿ ಮುಗಿಯಿತು’ ಅನ್ನುವ ಫೇಟಲ್ ಎರರ್ ಬಂದು ಇಡೀ ರಿಕ್ವೆಸ್ಟ್ ಸಾಯುತ್ತದೆ. ಅದನ್ನು ಟ್ರೈ-ಕ್ಯಾಚ್‌ನಲ್ಲಿ ಹಿಡಿಯಲೂ ಆಗುವುದಿಲ್ಲ. ಮೊದಲೇ ಹೋಲಿಸಿ ನೋಡಿ, ‘ಫ್ರೇಮ್ ಕೇಳುತ್ತಿರುವುದು ಇಷ್ಟು, ನೀವು ಹಾಕಿರುವ ಮಿತಿ ಇಷ್ಟು’ ಅಂತ ಹೇಳಿ ನಿಲ್ಲಿಸಿ. ಇದೇ ರೀತಿ ಕಂಪ್ರೆಷನ್ ಲೆವೆಲ್ ತಪ್ಪಿದ್ದರೆ ‘25 ಕೊಟ್ಟಿದ್ದೀರಿ, ಗರಿಷ್ಠ 22’ ಅನ್ನಿ. ಆ 22 ಅನ್ನು ಕೋಡ್‌ನಲ್ಲಿ ಗಟ್ಟಿಯಾಗಿ ಬರೆಯದೆ ಲೈಬ್ರರಿಯನ್ನೇ ಕೇಳಿ ತೆಗೆದುಕೊಳ್ಳಿ.

ಎಕ್ಸೆಪ್ಷನ್ನಾ ವಾರ್ನಿಂಗಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಎರಡು ಭಾಗ. ಲೆವೆಲ್ ತಪ್ಪಿದ್ದು, ಡಿಕ್ಷನರಿ ಜಾಗದಲ್ಲಿ ಬೇರೇನೋ ಕೊಟ್ಟಿದ್ದು, ಇವು ಕೋಡ್ ಬರೆದವರ ತಪ್ಪು. ಇದಕ್ಕೆ ಪಿಎಚ್‌ಪಿ 8ರ ರೂಢಿಯಂತೆ ವ್ಯಾಲ್ಯೂ ಎರರ್ ಅಥವಾ ಟೈಪ್ ಎರರ್ ಥ್ರೋ ಮಾಡಿ, ಎಷ್ಟನೇ ಆರ್ಗ್ಯುಮೆಂಟ್ ಅಂತಲೂ ಹೇಳಿ. ಡೇಟಾ ಕೆಟ್ಟಿರುವುದು ಬೇರೆ ವಿಷಯ. ಅದು ಯಾವ ದಿನ ಬೇಕಾದರೂ ಆಗುವಂಥದ್ದು. ಈಗಿರುವ ಫಂಕ್ಷನ್ ಫಾಲ್ಸ್ ಕೊಡುತ್ತದೆ ಅಂತ ನಂಬಿಕೊಂಡು ನಿಮ್ಮ ಕಂಪನಿಯಲ್ಲಿ ಎಷ್ಟೋ ಕೋಡ್ ಇದೆ. ರಾತ್ರೋರಾತ್ರಿ ಅದನ್ನು ಎಕ್ಸೆಪ್ಷನ್ ಮಾಡಿದರೆ ಅವೆಲ್ಲ ಮುರಿಯುತ್ತವೆ. ಪಿಎಚ್‌ಪಿಯ ಜೇಸನ್ ಫಂಕ್ಷನ್‌ಗಳಿಗೂ ಇದೇ ಇಕ್ಕಟ್ಟು ಬಂದಿತ್ತು. 7.3ರಲ್ಲಿ ಅವರು ‘ಎರರ್ ಆದರೆ ಥ್ರೋ ಮಾಡು’ ಅನ್ನುವ ಒಂದು ಫ್ಲ್ಯಾಗ್ ಸೇರಿಸಿದರು. ಕೇಳಿದವರಿಗೆ ಎಕ್ಸೆಪ್ಷನ್, ಕೇಳದವರಿಗೆ ಹಳೇ ನಡವಳಿಕೆ. ನೀವೂ ಹಾಗೇ ಮಾಡಿ. ಎಕ್ಸೆಪ್ಷನ್‌ನ ಕೋಡ್ ಜಾಗದಲ್ಲಿ ಲೈಬ್ರರಿಯ ಸಂಖ್ಯೆ ಇಡಿ, ಬೈಟ್ ಮತ್ತು ಉದ್ದವನ್ನು ಬೇರೆ ಪ್ರಾಪರ್ಟಿಗಳಲ್ಲಿ ಇಡಿ. ಹಳೇ ದಾರಿಯಲ್ಲಿ ಹೋಗುವವರಿಗೂ ವಾರ್ನಿಂಗ್‌ನಲ್ಲಿ ಅದೇ ವಿವರ ಸಿಗಲಿ. ಒಂದು ಎಚ್ಚರಿಕೆ ಏನೆಂದರೆ, ಖಾಲಿ ಲೇಖನವನ್ನು ಬಿಚ್ಚಿದರೆ ಖಾಲಿ ಸ್ಟ್ರಿಂಗ್ ಬರುತ್ತದೆ. ಮೂರು ಸಮಚಿಹ್ನೆ (ಬೆಲೆಯ ಬಗೆಯನ್ನೂ ನೋಡಿ ಹೋಲಿಸುವ ಗುರುತು) ಹಾಕದೆ ಹೋಲಿಸಿದವರ ಕೋಡ್ ಅದನ್ನೂ ಫಾಲ್ಸ್ ಅಂದುಕೊಳ್ಳುತ್ತದೆ. ಇದನ್ನು ಎಕ್ಸ್‌ಟೆನ್ಷನ್‌ನ ಕೈಪಿಡಿಯಲ್ಲಿ ಬರೆಯಿರಿ.

ಸೆಕ್ಯುರಿಟಿಯ ಆತಂಕ ಸರಿಯಾದದ್ದೇ. ಆದರೆ ಅದಕ್ಕೆ ಪರಿಹಾರ ಮೆಸೇಜನ್ನು ಮೂಕ ಮಾಡುವುದಲ್ಲ. ಈ ಮೆಸೇಜ್ ಲಾಗ್‌ಗೆ ಹೋಗಲಿ, ವೆಬ್‌ಸೈಟ್ ನೋಡುವವರ ಪರದೆಗೆ ಹೋಗದಿರಲಿ. ಬೈಟ್‌ಗಳನ್ನು ಹೆಕ್ಸ್‌ನಲ್ಲೇ ಬರೆಯಿರಿ. ಕಚ್ಚಾ ಬೈಟ್ ಬರೆದರೆ ಹೊಸ ಸಾಲಿನ ಗುರುತುಗಳು ನುಸುಳಿ ಲಾಗ್‌ನಲ್ಲಿ ಸುಳ್ಳು ಸಾಲುಗಳು ಹುಟ್ಟಬಹುದು. ಎಂಟು ಬೈಟ್‌ಗೆ ನಿಲ್ಲಿಸಿ. ಕಂಪ್ರೆಸ್ ಆಗದ ಕನ್ನಡ ಪಠ್ಯವೇ ಬಂದಿದ್ದರೂ ಎಂಟು ಬೈಟ್‌ನಲ್ಲಿ ಪೂರ್ತಿ ಮೂರು ಅಕ್ಷರವೂ ಹಿಡಿಯುವುದಿಲ್ಲ. ಗುಟ್ಟಿನ ಡೇಟಾ ಇರುವ ಕಡೆ ಅದನ್ನೂ ಆಫ್ ಮಾಡುವ ಒಂದು ಸೆಟ್ಟಿಂಗನ್ನು ಪಿಎಚ್‌ಪಿಯ ಐಎನ್‌ಐ ಫೈಲ್‌ನಲ್ಲಿ ಇಡಿ.

ಭಾಷೆಯ ಪ್ರಶ್ನೆ ನೀವು ಕೇಳಿದ್ದು ನನಗೆ ಖುಷಿಯಾಯಿತು. ಎಕ್ಸ್‌ಟೆನ್ಷನ್‌ನ ಮೆಸೇಜ್ ಇಂಗ್ಲಿಷ್‌ನಲ್ಲೇ ಇರಲಿ. ಅದನ್ನು ಓದುವವರು ಪ್ರೋಗ್ರಾಮರ್‌ಗಳು. ಬೆಂಗಳೂರಿನ ಟೀಮ್ ಅಂದರೆ ಅದರಲ್ಲಿ ನಾಲ್ಕು ಭಾಷೆಯವರು ಇರುತ್ತಾರೆ, ಮೆಸೇಜನ್ನು ಹಾಗೇ ಹುಡುಕುಪೆಟ್ಟಿಗೆಗೆ ಹಾಕುತ್ತಾರೆ. ಆದರೆ ನಿಮ್ಮ ಲೇಖನ ಓದಲು ಬಂದವರಿಗೆ, ಲೇಖನ ಸೇರಿಸುವ ಡಿಟಿಪಿಯವರಿಗೆ ಕಾಣುವ ಮಾತು ಕನ್ನಡದಲ್ಲೇ ಇರಬೇಕು. ಅಲ್ಲಿ ಹೆಕ್ಸ್ ಬೇಡ. ‘ಈ ಲೇಖನ ಈಗ ತೆರೆಯುತ್ತಿಲ್ಲ. ನಮಗೆ ವಿಷಯ ತಲುಪಿದೆ. ಮತ್ತೆ ಅಪ್‌ಲೋಡ್ ಮಾಡಬೇಡಿ’ ಅನ್ನುವಂತಿರಲಿ. ಕೊನೆಯ ವಾಕ್ಯ ಮರೆಯಬೇಡಿ. ಗಾಬರಿಯಲ್ಲಿ ಅದೇ ಫೈಲನ್ನು ಮತ್ತೆ ಮತ್ತೆ ಹಾಕಿ ಹಳೇ ಪ್ರತಿಯ ಮೇಲೆ ಬರೆದುಬಿಡುವವರು ಇದ್ದಾರೆ. ಕನ್ನಡದ ಮೆಸೇಜನ್ನು ಅಪ್ಲಿಕೇಶನ್ ಬರೆಯುವವರು ಎರರ್ ಕೋಡ್ ನೋಡಿ ಆರಿಸಿಕೊಳ್ಳುತ್ತಾರೆ. ಕೋಡ್ ಕೊಡಿ ಅಂತ ಮೇಲೆ ಹೇಳಿದ್ದು ಇದಕ್ಕೂ ಬೇಕು.

ಟೆಸ್ಟ್‌ಗಳನ್ನು ಕೊನೆಗೆ ಅಂತ ಇಟ್ಟುಕೊಳ್ಳದೆ ಮೊದಲೇ ಬರೆಯಿರಿ. ಪಿಎಚ್‌ಪಿ ಎಕ್ಸ್‌ಟೆನ್ಷನ್‌ಗಳಿಗೆ ಪಿಎಚ್‌ಪಿಟಿ ಅನ್ನುವ ಟೆಸ್ಟ್ ಫೈಲ್‌ಗಳ ಪದ್ಧತಿ ಇದೆಯಲ್ಲ, ಅದರಲ್ಲೇ ಬರಬೇಕಾದ ಮೆಸೇಜನ್ನೂ ಬರೆದಿಡಬಹುದು. ಒಂದು ನಿಜವಾದ ಲೇಖನ ತೆಗೆದುಕೊಳ್ಳಿ. ಅದನ್ನು ಕಂಪ್ರೆಸ್ ಮಾಡಿ, ಬೇಕಂತಲೇ ಕೆಡಿಸಿ. ಬಾಲದ ಒಂದು ಬೈಟ್ ತೆಗೆಯಿರಿ. ಮಧ್ಯದ ಒಂದು ಬೈಟ್ ಬದಲಾಯಿಸಿ. ಯುಟಿಎಫ್-8 ಪರಿವರ್ತನೆಗೆ ಕೊಡಿ. ಬೇರೆ ಡಿಕ್ಷನರಿ ಕೊಡಿ. ಪ್ರತಿಯೊಂದಕ್ಕೂ ಬಂದ ಮೆಸೇಜನ್ನು ಈ ಕೋಡ್ ನೋಡಿಯೇ ಇರದ ಸಹೋದ್ಯೋಗಿಯೊಬ್ಬರಿಗೆ ತೋರಿಸಿ, ‘ಈಗ ನೀವು ಎಲ್ಲಿ ಹುಡುಕುತ್ತೀರಿ’ ಅಂತ ಕೇಳಿ. ಅವರು ಹೇಳುವ ಜಾಗ ತಪ್ಪಿದ್ದರೆ ಮೆಸೇಜ್ ತಿದ್ದಿ.

ಬಿಡುಗಡೆ ಮಾಡುವ ಮೊದಲು ಇನ್ನೊಂದು ಕೆಲಸ ಉಳಿದಿದೆ. ನಿಮ್ಮ ಲಾಗ್ ನೋಡಿ ಅಲರ್ಟ್ ಕಳಿಸುವ ವ್ಯವಸ್ಥೆಯಲ್ಲಿ ‘ಡಿಕಂಪ್ರೆಷನ್ ಫೇಲ್ಡ್’ ಅನ್ನುವ ಪದಗಳನ್ನೇ ಹುಡುಕುವ ನಿಯಮ ಖಂಡಿತ ಇರುತ್ತದೆ. ನೀವು ಮೆಸೇಜ್ ಪೂರ್ತಿ ಬದಲಾಯಿಸಿದರೆ ಅಂದು ರಾತ್ರಿಯಿಂದ ಅಲರ್ಟ್ ಬರುವುದೇ ನಿಲ್ಲುತ್ತದೆ, ಎಲ್ಲ ಸರಿಹೋಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗಿ ಒಂದೆರಡು ಆವೃತ್ತಿಯವರೆಗೆ ಹೊಸ ಮೆಸೇಜ್‌ನ ಶುರುವಿನಲ್ಲಿ ಆ ಎರಡು ಪದಗಳನ್ನು ಹಾಗೇ ಉಳಿಸಿ, ವಿವರವನ್ನು ಅದರ ಮುಂದೆ ಸೇರಿಸಿ. ಅಲರ್ಟ್ ನೋಡಿಕೊಳ್ಳುವವರು ತಮ್ಮ ನಿಯಮವನ್ನು ಎರರ್ ಕೋಡ್‌ಗೆ ಬದಲಾಯಿಸಿಕೊಂಡ ಮೇಲೆ ಅದನ್ನು ತೆಗೆಯಬಹುದು.